ಮಲಪ್ರಭೆಗಿಂತ ಮುಂದೆ ಓಡುವ ಸಾಲು

ಬೈಲಹೊಂಗಲದ ಹಳೆಯ ಓಣಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿವೆ. ಶ್ರಾವಣದ ಜಿಟಿಜಿಟಿ ಮಳೆಗೆ ಎರೆಹೊಲದ ಕರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೊಸ್ತಿಲ ತನಕ ಬರುತ್ತದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಮಾಳಿಗೆಯ ಮೇಲೆ ಟೀವಿಯ ಡಿಶ್‌ಗಳ ನಡುವೆ ಒಂದು ಕಬ್ಬಿಣದ ಕೊಳವೆ ನೆಟ್ಟಗೆ ಎದ್ದಿದೆ. ಅದರ ತುದಿಗೆ ತೆಳ್ಳನೆಯ ಸರಳಿನ ಆಂಟೆನಾ. ಅಲ್ಲಿಂದ ಇಳಿದ ಕರಿಯ ಕೇಬಲ್ಲು ಕಿಟಕಿಯ ಸಂದಿಯಲ್ಲಿ ನುಸುಳಿ ಮೇಜಿನ ಮೇಲಿನ ರೇಡಿಯೋದ ಬೆನ್ನು ಸೇರುತ್ತದೆ.

ಮನೆಯ ಯಜಮಾನರು ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಹವ್ಯಾಸಿ ರೇಡಿಯೋದ ಪರೀಕ್ಷೆ ಪಾಸಾಗಿ ವಿಯು ಎಂದು ಶುರುವಾಗುವ ಕರೆಸಂಕೇತ ಪಡೆದವರು. ಅವರ ಅಣ್ಣನ ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾಳೆ. ಇಬ್ಬರ ನಡುವೆ, ಟೇಬಲ್ ಲ್ಯಾಂಪಿನ ಬೆಳಕಿನಲ್ಲಿ, ಪಿಕೆ-232 ಎಂಬ ಪೆಟ್ಟಿಗೆ ಕೂತಿದೆ. ಅಮೆರಿಕದ ಎಇಎ ಕಂಪನಿ 1980ರ ದಶಕದಲ್ಲಿ ಹೊರತಂದ ಮಲ್ಟಿಮೋಡ್ ಡೇಟಾ ಕಂಟ್ರೋಲರ್ ಇದು. ಕಂಪ್ಯೂಟರಿನಿಂದ ಬಂದ ಅಕ್ಷರವನ್ನು ಇದು ನಾದವಾಗಿಸಿ ರೇಡಿಯೋಕ್ಕೆ ಕೊಡುತ್ತದೆ, ರೇಡಿಯೋದಲ್ಲಿ ಬಂದ ನಾದವನ್ನು ಅಕ್ಷರವಾಗಿಸಿ ಪರದೆಗೆ ಕೊಡುತ್ತದೆ. ಮೋರ್ಸ್, ಬಾಡೋ, ಆಸ್ಕಿ, ಆಮ್ಟರ್, ಪ್ಯಾಕೆಟ್ ಎಂದು ಬೇರೆ ಬೇರೆ ವಿಧಾನಗಳೆಲ್ಲ ಒಂದೇ ಪೆಟ್ಟಿಗೆಯೊಳಗೆ ಇರುವುದರಿಂದಲೇ ಇದಕ್ಕೆ ಮಲ್ಟಿಮೋಡ್ ಎಂಬ ಹೆಸರು.

ಸ್ವಿಚ್ ಒತ್ತಿದಾಗ ಮುಖದ ಮೇಲಿನ ದೀಪಗಳು ಒಮ್ಮೆ ಮಿನುಗಿ ನಿಂತವು. ಪರದೆಯ ಮೇಲೆ ಅರ್ಥವಿಲ್ಲದ ಗೀಚು.

“ಕಾಕಾ, ಇದು ಮಾತ ಆಡವಲ್ದಲ್ರೀ.”

“ತಡಿ ಬೇ. ನಿನ್ನ ಕಂಪ್ಯೂಟರ್ ಯಾವ ವೇಗದಾಗ ಮಾತಾಡತೈತಿ ಅಂತ ಅದಕ್ಕ ಇನ್ನಾ ತಿಳಿದಿಲ್ಲ. ಒಂದ್ ಚಿಕ್ಕಿ ಒತ್ತು.”

ಆಕೆ ಕೀಲಿಮಣೆಯ ಚಿಕ್ಕಿಯನ್ನು ಒತ್ತಿದಳು. ಆ ಒಂದು ಗುರುತಿನ ಬಿಟ್‌ಗಳ ಅಗಲವನ್ನು ಅಳೆದು ಪೆಟ್ಟಿಗೆ ತನ್ನ ವೇಗವನ್ನು ತಾನೇ ಹೊಂದಿಸಿಕೊಂಡಿತು. ಪರದೆಯ ಎಡಕ್ಕೆ ಆಜ್ಞೆಗಾಗಿ ಕಾಯುವ ಗುರುತು ಮೂಡಿತು. ಮೊದಲ ಆಜ್ಞೆ ಮೈಕಾಲ್: ನೀನು ಯಾರು? ಕರೆಸಂಕೇತ ತುಂಬದ ಹೊರತು ಪ್ಯಾಕೆಟ್ ಹೊರಡಿಸಬಾರದು. ಆಕಾಶದಲ್ಲಿ ಹೆಸರಿಲ್ಲದೆ ಮಾತಾಡುವುದಕ್ಕೆ ಯಾವ ದೇಶದ ಕಾನೂನೂ ಹವ್ಯಾಸಿಗೆ ಅವಕಾಶ ಕೊಟ್ಟಿಲ್ಲ. ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ಪೆಟ್ಟಿಗೆ ತನ್ನ ಹೆಸರನ್ನೂ ಉಳಿದ ಹೊಂದಾಣಿಕೆಗಳನ್ನೂ ಮರೆಯುತ್ತದೆ. ಆದ್ದರಿಂದ ಬಳಸುವವರು ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಾರೆ. ಹುಡುಗಿಯ ಮುಂದೆಯೂ ಹಳದಿ ರಟ್ಟಿನ ನೋಟುಬುಕ್ಕು ತೆರೆದಿದೆ.

ಹಳೆಯ ವಿಧಾನಗಳನ್ನು ಕಾಕಾ ಒಂದೊಂದಾಗಿ ತೋರಿಸುತ್ತಾರೆ. ಬಾಡೋದಲ್ಲಿ ಅಕ್ಷರಕ್ಕೆ 5 ಬಿಟ್, ಒಟ್ಟು 32 ಸಂಕೇತ, 45.45 ಬಾಡ್‌ನಲ್ಲಿ ಎರಡು ನಾದಗಳು 170 ಹರ್ಟ್ಸ್ ಅಂತರದಲ್ಲಿ ಮೇಲೆ ಕೆಳಗೆ ಕುಣಿಯುತ್ತವೆ. ಗುಡುಗಿನ ಸದ್ದು ನಡುವೆ ನುಗ್ಗಿದರೆ ಅಕ್ಷರ ಕೆಡುತ್ತದೆ, ಕೆಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ. ಈ ಕೊರತೆ ನೀಗಲು ಇಂಗ್ಲೆಂಡಿನ ಪೀಟರ್ ಮಾರ್ಟಿನೆಜ್ ಹಡಗುಗಳ ಟೆಲೆಕ್ಸ್ ಪದ್ಧತಿಯನ್ನು ಹವ್ಯಾಸಿಗಳಿಗೆ ಒಗ್ಗಿಸಿ ಆಮ್ಟರ್ ರೂಪಿಸಿದರು. ಅದು 3 ಅಕ್ಷರಗಳನ್ನು 210 ಮಿಲಿಸೆಕೆಂಡಿನಲ್ಲಿ ಕಳಿಸಿ ಸುಮ್ಮನಾಗುತ್ತದೆ. ಆಚೆಯವರು ‘ಮುಟ್ಟಿತು’ ಎಂದರೆ ಮುಂದಿನ 3, ಇಲ್ಲವಾದರೆ ಅವೇ 3 ಮತ್ತೊಮ್ಮೆ. 450 ಮಿಲಿಸೆಕೆಂಡಿಗೊಂದು ಸುತ್ತು. ಕೋಣೆ ತುಂಬ ಚಿರ್‌ಚಿರ್ ಎಂಬ ಲಯ. ರೇಡಿಯೋ ಆಡುವುದರಿಂದ ಆಲಿಸುವುದಕ್ಕೆ ಅಷ್ಟು ಬೇಗ ಹೊರಳದಿದ್ದರೆ ಈ ಸಂಭಾಷಣೆ ಒಂದು ಸುತ್ತೂ ನಡೆಯದು.

ಈ ನಾಡಿಗೆ ಈಗ ಬೇಕಿರುವುದು ಪ್ಯಾಕೆಟ್. ಕೆನಡಾದ ಮಾಂಟ್ರಿಯಲ್‌ನ ಹವ್ಯಾಸಿಗಳು 1978ರಲ್ಲಿ ಶುರುಮಾಡಿದ, 1984ರಲ್ಲಿ ಎಎಕ್ಸ್.25 ಎಂಬ ನಿಯಮಾವಳಿಯ ಎರಡನೆಯ ಆವೃತ್ತಿಯಾಗಿ ಅಚ್ಚಾದ ಪದ್ಧತಿ. ಸಂದೇಶವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಕಳಿಸಿದವರ ಮತ್ತು ಪಡೆಯುವವರ ಕರೆಸಂಕೇತ ಹಚ್ಚಿ, ಕೊನೆಗೆ 16 ಬಿಟ್‌ನ ತಾಳೆ ಸಂಖ್ಯೆಯನ್ನು ಸೇರಿಸುತ್ತಾರೆ. ತಾಳೆಯಾಗದ ತುಂಡು ಪರದೆಗೆ ಬರುವುದೇ ಇಲ್ಲ. ‘12 ಅಡಿ’ ಎಂಬುದು ದಾರಿಯಲ್ಲಿ ಕೆಟ್ಟು ‘2 ಅಡಿ’ ಎಂದು ಓದಿಸಿಕೊಳ್ಳುವ ಭಯವಿಲ್ಲ. ನೆರೆಯ ಸುದ್ದಿ ಹೇಳುವ ಊರಿನಲ್ಲಿ ಈ ಒಂದು ಗುಣಕ್ಕಾಗಿಯೇ ನಾನು ಪ್ಯಾಕೆಟ್ಟಿನ ಪರ.

ನೆರೆ ಎಂದರೆ ಇಲ್ಲಿ ಮಲಪ್ರಭೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರಿನ ಬಡಗಣ ಮಗ್ಗುಲಿಗೆ ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಮಂಟಪವನ್ನು ಬಳಸಿ, ಬೈಲಹೊಂಗಲದ ಸೀಮೆ ದಾಟಿ ಸವದತ್ತಿಯ ಹತ್ತಿರ ರೇಣುಕಾಸಾಗರವಾಗಿ ಹರಡಿಕೊಳ್ಳುತ್ತಾಳೆ. ಅಲ್ಲಿ ಮರಳುಗಲ್ಲಿನ ಗುಡ್ಡವನ್ನು ನದಿಯೇ ಸೀಳಿಕೊಂಡ ಕಣಿವೆ ನವಿಲುತೀರ್ಥ. ಎರಡೂ ಕಡೆ ಕೆಂಪು ಬಂಡೆ, ನಡುವೆ ಸಣ್ಣ ಸಂದು. ಆ ಸಂದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಉದ್ದ ಸುಮಾರು 154 ಮೀಟರ್ ಅಷ್ಟೇ; ಆದರೆ ಹಿಂದೆ ನಿಲ್ಲುವ ನೀರು 37.73 ಟಿಎಂಸಿ, ತುಂಬಿದ ಮಟ್ಟ 2079.50 ಅಡಿ. ಗೇಟು ತೆರೆದರೆ ನೀರು ಮುನವಳ್ಳಿಯ ಮೇಲೆ ಹಾಯ್ದು, ತೊರಗಲ್ಲಿನ ಕೋಟೆಯ ಸೀಮೆಗೂ ರಾಮದುರ್ಗದ ಅಂಚಿಗೂ ಮುಟ್ಟುತ್ತದೆ. 2019ರ ಆಗಸ್ಟಿನಲ್ಲಿ ರಾಮದುರ್ಗದ ಓಣಿಗಳು ಕಂಡದ್ದು ಇದನ್ನೇ. ಮಗ್ಗಗಳಿದ್ದ ಮನೆಗಳಿಗೂ ಹೊಳೆ ಹೊಕ್ಕಿತು. ಸೀರೆಯ ನೂಲು, ಕಾಳಿನ ಚೀಲ, ಮಕ್ಕಳ ಪಾಟೀಚೀಲ ಎಲ್ಲ ಒಂದೇ ಕೆಸರಿನ ಬಣ್ಣಕ್ಕೆ ತಿರುಗಿದವು.

ನೀರಿಗೆ ಆ ದಾರಿ ಸವೆಸಲು ತಾಸುಗಳು ಬೇಕು. 100 ಇಂಗ್ಲಿಷ್ ಅಕ್ಷರದ ಒಂದು ಸಾಲಿಗೆ 1200 ಬಾಡ್‌ನಲ್ಲಿ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಮೊಬೈಲ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಕಂಬ ಉರುಳಿ ಕರೆಂಟು ಹೋದ ಮೇಲೆ ಟವರ್ ನಡೆಯುವುದು ಬ್ಯಾಟರಿ, ಡೀಸೆಲ್ ಇರುವ ತನಕ. ಡೀಸೆಲ್ ತರುವ ಸೇತುವೆಯೇ ಮುಳುಗಿದಾಗ ಎರಡನೆಯ ದಾರಿಯೊಂದು ಇರಲೇಬೇಕು. 2001ರ ಭುಜ್ ಭೂಕಂಪದಲ್ಲಿ, 2004ರ ಡಿಸೆಂಬರಿನ ಸುನಾಮಿಯಲ್ಲಿ ಅಂಡಮಾನಿನಿಂದ ಸುದ್ದಿ ತಂದವರಲ್ಲಿ ಹ್ಯಾಮ್ ಎಂದು ಕರೆಸಿಕೊಳ್ಳುವ ಇಂಥ ಹವ್ಯಾಸಿಗಳಿದ್ದರು. ಆಗ ಪೋರ್ಟ್‌ಬ್ಲೇರಿನಲ್ಲಿ ರೇಡಿಯೋ ಕೇಂದ್ರ ಹೂಡಿದ್ದ ಭಾರತಿ ಪ್ರಸಾದರ ಹೆಸರು ಈ ಹವ್ಯಾಸದಲ್ಲಿ ಇವತ್ತಿಗೂ ಗೌರವದಿಂದ ಕೇಳಿಬರುತ್ತದೆ.

ಬೈಲಹೊಂಗಲದ ಮೇಜಿಗೆ ಬರೋಣ. ಎಚ್‌ಬಾಡ್ 1200, ವಿಎಚ್‌ಎಫ್ ಆನ್ ಎಂಬ ಎರಡು ಆಜ್ಞೆ: ಪೆಟ್ಟಿಗೆ ಈಗ 1200 ಮತ್ತು 2200 ಹರ್ಟ್ಸ್‌ನ ಎರಡು ನಾದಗಳಲ್ಲಿ ಮಾತಾಡುತ್ತದೆ, 144ರಿಂದ 146 ಮೆಗಾಹರ್ಟ್ಸ್‌ನ ಪಟ್ಟಿಗೆ ಇದು ಹೊಂದುತ್ತದೆ. ಕ್ಯಾಲಿಬ್ರೇಟ್ ಆಜ್ಞೆ ಕೊಟ್ಟು ಬರೀ ನಾದ ಹೊರಡಿಸಿ, ಕೋಣೆಯ ಇನ್ನೊಂದು ಮೂಲೆಯ ಕೈರೇಡಿಯೋದಲ್ಲಿ ಕೇಳುತ್ತಾರೆ. ಹೊಸಬರು ಧ್ವನಿ ಜೋರಾದಷ್ಟೂ ದೂರ ಮುಟ್ಟುತ್ತದೆ ಎಂದುಕೊಂಡು ಗುಂಡಿಯನ್ನು ಪೂರ್ತಿ ತಿರುಗಿಸುತ್ತಾರೆ. ಮಟ್ಟ ಮೀರಿದ ನಾದ ಅಂಚು ಕತ್ತರಿಸಿಕೊಂಡು ಒರಟಾಗುತ್ತದೆ, ಆಚೆಯ ಪೆಟ್ಟಿಗೆಗೆ ಅದು ತಿಳಿಯುವುದಿಲ್ಲ. ಸುಮಾರು 3 ಕಿಲೋಹರ್ಟ್ಸ್ ವಿಚಲನಕ್ಕೆ ನಿಲ್ಲಿಸಿದರೆ ಮೆತ್ತಗಿದ್ದರೂ ಸ್ಪಷ್ಟ.

“ಟಿಎಕ್ಸ್‌ಡಿಲೇ ಮೂವತ್ತು ಯಾಕ್ರೀ ಕಾಕಾ? ಹತ್ತು ಇಟ್ರ ಲಗೂನ ಆಗೂದಿಲ್ಲೇನ್ರೀ?”

“ಲಗೂನ ಆಕ್ಕೈತಿ, ಖರೆ. ಆದ್ರ ಮೊದಲಿನ ಅಕ್ಷರಾನ ಹಾರಿ ಹೊಕ್ಕಾವು. ಎತ್ತು ನೊಗಕ್ಕ ಹೆಗಲು ಕೊಡೂಕಿಂತ ಮೊದಲ ಚಕ್ಕಡಿ ಹೊಡದ್ರ ಹೆಂಗ?”

ಮೂವತ್ತು ಎಂದರೆ 300 ಮಿಲಿಸೆಕೆಂಡು. ಗುಂಡಿ ಒತ್ತಿದ ರೇಡಿಯೋ ಪೂರ್ಣ ಶಕ್ತಿಗೆ ಏರುವ ತನಕ ಪೆಟ್ಟಿಗೆ ಖಾಲಿ ಗುರುತುಗಳನ್ನು ಕಳಿಸುತ್ತ ಕಾಯುತ್ತದೆ.

ಮುಖದ ಮೇಲೆ ಒಂದೇ ಒಂದು ತಿರುಗಣೆ ಇದೆ, ಥ್ರೆಶೋಲ್ಡ್. ನನ್ನ ಮಟ್ಟಿಗೆ ಇಡೀ ಪೆಟ್ಟಿಗೆಯ ಜೀವ ಅಲ್ಲಿದೆ. ಬೇರೆಯವರು ಮಾತಾಡುತ್ತಿದ್ದಾರೋ ಇಲ್ಲವೋ ಎಂದು ತೀರ್ಮಾನಿಸುವ ಗೆರೆ ಅದು. ಒಂದು ಕಡೆಗೆ ಅತಿಯಾದರೆ ಬರೀ ಮಳೆಯ ಗರಗರವನ್ನೂ ಯಾರದೋ ಮಾತೆಂದು ತಿಳಿದು ಪೆಟ್ಟಿಗೆ ಸಂಜೆತನಕ ಬಾಯಿ ಬಿಡುವುದಿಲ್ಲ. ಇನ್ನೊಂದು ಕಡೆಗೆ ಅತಿಯಾದರೆ ದೂರದ ಹಳ್ಳಿಯ ಕ್ಷೀಣ ದನಿಯ ಮೇಲೆಯೇ ಮಾತಾಡಿಬಿಡುತ್ತದೆ. ಹುಡುಗಿ ದೀಪ ನೋಡುತ್ತ ಕೂದಲೆಳೆಯಷ್ಟು ತಿರುಗಿಸಿ, ದೀಪ ಆರುವ ಜಾಗದಲ್ಲಿ ಕೈ ಬಿಟ್ಟಳು. ದಾರಿ ಖಾಲಿ ಎಂದು ಕಂಡ ಮೇಲೂ ಪೆಟ್ಟಿಗೆ ಒಮ್ಮೆಲೇ ನುಗ್ಗುವುದಿಲ್ಲ. ಪರ್ಸಿಸ್ಟ್ 63 ಎಂದು ಇಟ್ಟರೆ, 256ರಲ್ಲಿ 64, ಅಂದರೆ ನಾಲ್ಕರಲ್ಲಿ ಒಂದು ಪಾಲಿನ ಸಂಭವದಲ್ಲಿ ಮಾತ್ರ ಹೊರಡುತ್ತದೆ. ಇಲ್ಲವಾದರೆ ಸ್ಲಾಟ್ ಎಂಬ ಸಣ್ಣ ಅವಧಿ ಕಾದು ಮತ್ತೆ ಲೆಕ್ಕ ಹಾಕುತ್ತದೆ. ಕಾಯುತ್ತಿದ್ದ ಇಬ್ಬರು ಒಂದೇ ಕ್ಷಣಕ್ಕೆ ಬಾಯಿ ತೆರೆಯದಿರಲಿ ಎಂದು ಈ ಏರ್ಪಾಡು. ಕೈಪಿಡಿಯಲ್ಲಿ ಈ ಸಂಖ್ಯೆಗಳು ಒಣ ಕೋಷ್ಟಕವಾಗಿ ಕಾಣುತ್ತವೆ. ನಿಜವಾಗಿ ಅವು, ಒಂದೇ ಆಕಾಶವನ್ನು ಹಂಚಿಕೊಂಡ ಊರುಗಳು ಒಬ್ಬರ ಮಾತಿಗೆ ಒಬ್ಬರು ಎಷ್ಟು ಎಡೆ ಕೊಡಬೇಕು ಎಂಬ ಒಪ್ಪಂದ.

ಆ ಒಪ್ಪಂದದ ಕಷ್ಟ ತಿಳಿಯಬೇಕಾದರೆ ಸವದತ್ತಿಯ ಎಲ್ಲಮ್ಮನ ಗುಡ್ಡ ಹತ್ತಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಇಲ್ಲಿ ಚಕ್ಕಡಿಗಳ ಸಾಲು, ಭಂಡಾರದ ಹಳದಿ, ‘ಉಧೋ ಉಧೋ’ ಎಂಬ ಕೂಗು. ಶ್ರಾವಣದ ಬೆಳಿಗ್ಗೆ ಗಾಳಿ ಮಾತ್ರ. ದೂರದ ದಿನ್ನೆಗಳ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಮೋಡದೊಳಗೆ ಹೊಕ್ಕು ಹೊರಬರುತ್ತವೆ. ಕೆಳಗೆ ರೇಣುಕಾಸಾಗರದ ಬೂದು ನೀರು. ಪಡುವಣಕ್ಕೆ ಬೈಲಹೊಂಗಲದ ಎರೆ ಬಯಲು, ನೈಋತ್ಯದ ಮಂಜಿನಾಚೆ ಕಿತ್ತೂರು, ಈಶಾನ್ಯದ ಗುಡ್ಡಸಾಲಿನ ಹಿಂದೆ ರಾಮದುರ್ಗ. ಬೈಲಹೊಂಗಲವೂ ರಾಮದುರ್ಗವೂ ಹಕ್ಕಿ ಹಾರುವ ದಾರಿಯಲ್ಲಿ ಇಲ್ಲಿಂದ ಸುಮಾರು 30 ಕಿಲೋಮೀಟರ್, ಕಿತ್ತೂರು ಸುಮಾರು 40. ಈ ಪಟ್ಟಿಯ ಅಲೆಗಳು ಹೆಚ್ಚುಕಡಿಮೆ ನೇರಕ್ಕೆ ಹೋಗುವವು, ಬಂಡೆಯ ಹಿಂದೆ ಬಗ್ಗುವುದು ಕಡಿಮೆ. ಹಾಗಾಗಿ ಮೇಲಿನ ಊರಿಂದ ಕೆಳಗಿನ ಊರಿಗೆ ಮಾತು ಮುಟ್ಟಲು ಗುಡ್ಡದ ನೆತ್ತಿಯ ಮೇಲೆ ನಡುವಿನವರೊಬ್ಬರು ಬೇಕು. ಅದೇ ಡಿಜಿಪೀಟರ್: ಕೇಳಿದ್ದನ್ನು ತಾಳೆ ನೋಡಿ, ತನ್ನ ಗುರುತು ಹಚ್ಚಿ, ಮತ್ತೆ ಹೇಳುವ ಪೆಟ್ಟಿಗೆ. ಅಂಥದನ್ನು ನಿಲ್ಲಿಸಲು ಸರ್ಕಾರದ ಅನುಮತಿ ಪಡೆಯಬೇಕು.

ತೊಡಕು ಇಲ್ಲಿಯೇ. ಕಿತ್ತೂರಿನ ಪೆಟ್ಟಿಗೆಗೆ ರಾಮದುರ್ಗದ ದನಿ ಕೇಳುವುದಿಲ್ಲ, ರಾಮದುರ್ಗಕ್ಕೆ ಕಿತ್ತೂರಿನದು ಕೇಳುವುದಿಲ್ಲ. ಇಬ್ಬರಿಗೂ ದಾರಿ ಖಾಲಿಯೇ. ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ, ಗುಡ್ಡದ ಮೇಲೆ ಎರಡೂ ಮಾತು ಡಿಕ್ಕಿಯಾಗಿ ಸಾಯುತ್ತವೆ. 1971ರಲ್ಲಿ ಹವಾಯಿ ದ್ವೀಪಗಳ ನಡುವೆ ರೇಡಿಯೋ ಮೂಲಕ ಕಂಪ್ಯೂಟರುಗಳನ್ನು ಬೆಸೆದ ನಾರ್ಮನ್ ಅಬ್ರಾಮ್ಸನ್ ಅವರ ಅಲೋಹಾ ಜಾಲಕ್ಕೂ ಎದುರಾದದ್ದು ಇದೇ ಡಿಕ್ಕಿ. ಯಾರೂ ಕಾಯದೆ ಮಾತಾಡಿದರೆ ಆ ಜಾಲದ ಹೊತ್ತಿನಲ್ಲಿ ಶೇಕಡಾ ಸುಮಾರು 18ಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ ಎಂದು ಗಣಿತ ಹೇಳುತ್ತದೆ. ಆದ್ದರಿಂದ ಫ್ರ್ಯಾಕ್ ಎಂಬ ಹೊಂದಾಣಿಕೆ: ಉತ್ತರಕ್ಕೆ ಎಷ್ಟು ಹೊತ್ತು ಕಾದು ಮತ್ತೆ ಕಳಿಸಬೇಕು. ನೇರ ಮಾತಿಗೆ 5 ಸೆಕೆಂಡು ಎಂದಿಟ್ಟರೆ, ನಡುವೆ ಒಂದು ಡಿಜಿಪೀಟರ್ ಬಂದಾಗ ಪೆಟ್ಟಿಗೆ ತಾನಾಗಿ ಅದನ್ನು ಮೂರು ಪಟ್ಟು ಮಾಡಿ 15 ಸೆಕೆಂಡು ಕಾಯುತ್ತದೆ. ನೆರೆಯ ರಾತ್ರಿ ಈ 15 ಸೆಕೆಂಡು ಉದ್ದವೆನಿಸುತ್ತದೆ. ಅವಸರಕ್ಕೆ ಅದನ್ನು 2ಕ್ಕೆ ಇಳಿಸಿದವರು ಎಲ್ಲರ ದಾರಿಯನ್ನೂ ಮುಚ್ಚುತ್ತಾರೆ.

ಕಿತ್ತೂರಿನ ಕೋಟೆಯಲ್ಲಿ ಅರಮನೆಯ ಮುರುಕು ಗೋಡೆಗಳ ಮೇಲೆ ಹುಲ್ಲು ಹಸುರಾಗಿದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದ ನೆಲ. ರಾಣಿ ಚೆನ್ನಮ್ಮ ಸೆರೆಯಲ್ಲಿ ಕೊನೆಯುಸಿರೆಳೆದದ್ದು 1829ರಲ್ಲಿ, ಈ ಮೇಜು ಇರುವ ಬೈಲಹೊಂಗಲದಲ್ಲಿ, ಸಮಾಧಿಯೂ ಇಲ್ಲಿಯೇ. ಆ ಎರಡು ಊರುಗಳ ನಡುವೆ ಸುದ್ದಿ ಕುದುರೆಯ ಕಾಲಿನ ವೇಗಕ್ಕೆ ಓಡುತ್ತಿದ್ದ ದಿನಗಳವು. ಹುಡುಗಿಯ ಗೆಳತಿ ಕಿತ್ತೂರಿನವಳು, ಆಕೆಯೂ ಪರೀಕ್ಷೆಗೆ ಓದುತ್ತಿದ್ದಾಳೆ. ಈ ಜಾಲದ ಮೇಲಿನ ತುದಿಯ ದನಿ ಅವಳದಾಗಲಿದೆ.

ಇನ್ನು ಕನ್ನಡದ ಸಂಗತಿ. ಇದರ ಬಗ್ಗೆ ಕೈಪಿಡಿಗಳಲ್ಲಿ ಒಂದಕ್ಷರವೂ ಇಲ್ಲ, ಆದರೆ ಕನ್ನಡದಲ್ಲಿ ಎಚ್ಚರಿಕೆ ಕಳಿಸುವವರಿಗೆ ಇದೇ ಮುಖ್ಯ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ಮಲಪ್ರಭಾ’ ಎಂದರೆ 7 ಸಂಕೇತ, 21 ಬೈಟ್. ತುಂಡಿನ ಉದ್ದ ಹೇಳುವ ಪ್ಯಾಕ್‌ಲೆನ್ 128 ಇದ್ದರೆ ಒಂದು ತುಂಡಿನಲ್ಲಿ 42 ಸಂಕೇತ ಹಿಡಿಯುತ್ತವೆ. ಅದು ತೊಂದರೆಯಲ್ಲ. ತೊಂದರೆ ಇರುವುದು ಎಂಟನೆಯ ಬಿಟ್‌ನಲ್ಲಿ. ಇಂಗ್ಲಿಷಿನ ಅಕ್ಷರಗಳಿಗೆ 7 ಬಿಟ್ ಸಾಕು; ಆದ್ದರಿಂದ ಪೆಟ್ಟಿಗೆ ಎಂಟನೆಯದನ್ನು ಕತ್ತರಿಸಿ ಎಸೆಯುವುದೇ ಮೊದಲಿನಿಂದ ಬಂದ ಹೊಂದಾಣಿಕೆ. ಕನ್ನಡದ ಬೈಟುಗಳೆಲ್ಲ ನಿಂತಿರುವುದೇ ಆ ಎಂಟನೆಯ ಬಿಟ್‌ನ ಮೇಲೆ. ಕತ್ತರಿಸಿದಾಗ ‘ಮ’ ಎಂಬುದು ಒಂದು ಹಿಮ್ಮುಖ ಉದ್ಧರಣ ಚಿಹ್ನೆ, ಒಂದು 2, ಒಂದು ಚುಕ್ಕೆಯಾಗಿ ಆಚೆ ಬೀಳುತ್ತದೆ.

ಪೆಟ್ಟಿಗೆ ಮತ್ತು ಕಂಪ್ಯೂಟರಿನ ನಡುವಿನ ತಂತಿಯನ್ನೇ 7 ಬಿಟ್‌ಗೆ ಹೊಂದಿಸಿದ್ದರೆ ಇನ್ನೂ ಕೆಟ್ಟದ್ದು ನಡೆಯುತ್ತದೆ. ಒತ್ತಕ್ಷರ ಕಟ್ಟುವ ಅರ್ಧಾಕ್ಷರದ ಚಿಹ್ನೆಯ ಕೊನೆಯ ಬೈಟು ಎಂಟರ್ ಕೀಲಿಯ ಸಂಖ್ಯೆಗೆ ಇಳಿಯುತ್ತದೆ. ಪ್ರತಿ ಒತ್ತಿಗೂ ಸಾಲು ಮುರಿದು ಅರೆಬರೆ ತುಂಡು ಹೊರಟುಬಿಡುತ್ತದೆ. ‘ಕೃಷ್ಣಾ’ ಎಂದು ಹೊಡೆದರೆ ಆ ವಟ್ರಸುಳಿಯ ಕೊನೆಯ ಬೈಟು ಕಂಟ್ರೋಲ್-ಸಿ ಆಗುತ್ತದೆ, ಪೆಟ್ಟಿಗೆ ಸಂಭಾಷಣೆ ಬಿಟ್ಟು ಆಜ್ಞೆಯ ಸ್ಥಿತಿಗೆ ಹಾರುತ್ತದೆ. ‘ಓಡಿ’ ಎಂಬ ಪದದ ಮೊದಲಕ್ಷರ ಕಂಟ್ರೋಲ್-ಎಸ್ ಆಗುತ್ತದೆ, ‘ಪರದೆಗೆ ಕಳಿಸುವುದನ್ನು ನಿಲ್ಲಿಸು’ ಎಂದು ಅದರ ಅರ್ಥ. ಅಲ್ಲಿಂದ ಮುಂದೆ ಕೆಳಗಿನ ಊರಿನ ಉತ್ತರ ಬಂದರೂ ಪರದೆಯ ಮೇಲೆ ಕಾಣುವುದಿಲ್ಲ. ಬೀಗ ತೆಗೆಯುವ ಕಂಟ್ರೋಲ್-ಕ್ಯೂ ಸಂಖ್ಯೆಗೆ ಇಳಿಯುವ ಕನ್ನಡ ಅಕ್ಷರ ಒಂದೂ ಇಲ್ಲ. ಯೂನಿಕೋಡ್‌ನ ಕನ್ನಡ ಪಟ್ಟಿಯಲ್ಲಿ ಆ ಮನೆಗಳು ಖಾಲಿ. ನೆರೆಯ ದಿನ ‘ಓಡಿ’ ಎಂದು ಬರೆಯದೆ ಇರುವುದು ಹೇಗೆ?

ಮದ್ದು ಸಣ್ಣದು. ಆಲೆನ್ 8, ಪ್ಯಾರಿಟಿ ಇಲ್ಲ, 8ಬಿಟ್‌ಕಾನ್ವ್ ಆನ್, ನಂತರ ರೀಸ್ಟಾರ್ಟ್. ಎರಡೂ ತುದಿಯ ಪೆಟ್ಟಿಗೆಗಳಲ್ಲಿ ಹೀಗೆಯೇ ಇರಬೇಕು. ಕಾಕಾ ಈ ಸಾಲನ್ನು ಕೆಂಪು ಶಾಯಿಯಲ್ಲಿ ಬರೆಸಿದರು. ಆಕೆ ಪೆಟ್ಟಿಗೆಯ ನೆತ್ತಿಗೂ ಅದೇ ಸಾಲಿನ ಚೀಟಿ ಅಂಟಿಸಿದಳು. ಈ ಚೀಟಿ ಕನ್ನಡನಾಡಿನ ಪ್ರತಿ ಹ್ಯಾಮ್ ಮೇಜಿನ ಮೇಲೆ ಇರಬೇಕೆಂದು ನನ್ನ ಆಸೆ.

ಗುಡ್ಡವೂ ಕೈಕೊಟ್ಟ ದಿನಕ್ಕೆ ಪೆಟ್ಟಿಗೆಗೆ ಇನ್ನೊಂದು ಮುಖವಿದೆ. ಎಚ್‌ಬಾಡ್ 300, ವಿಎಚ್‌ಎಫ್ ಆಫ್: ನಾದಗಳ ಅಂತರ 200 ಹರ್ಟ್ಸ್‌ಗೆ ಇಳಿಯುತ್ತದೆ, 7 ಮೆಗಾಹರ್ಟ್ಸ್‌ನಲ್ಲಿ ಹಗಲು ಹೊತ್ತಿನ ಅಯಾನಮಂಡಲಕ್ಕೆ ಬಡಿದು ಬೆಂಗಳೂರಿನತ್ತ ಹೋಗಬಹುದು. ಹೊಂದಿಸುವ ದೀಪಪಟ್ಟಿಯನ್ನು ನೋಡುತ್ತ ರೇಡಿಯೋವನ್ನು ಹತ್ತಾರು ಹರ್ಟ್ಸ್‌ನ ನಿಖರತೆಗೆ ತರಬೇಕು, ಅಷ್ಟೇ ಕಷ್ಟ. ಆಕಾಶದ ದಾರಿಯೂ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ಡಿಜಿಪೀಟರ್ 145.825 ಮೆಗಾಹರ್ಟ್ಸ್‌ನಲ್ಲಿ ಇದೇ 1200 ಬಾಡ್‌ನ ಪ್ಯಾಕೆಟ್ ಕೇಳುತ್ತದೆ. 2019ರ ಏಪ್ರಿಲ್ 1ರಂದು ಹಾರಿದ ಇಸ್ರೋದ ಪಿಎಸ್‌ಎಲ್‌ವಿ-ಸಿ45 ರಾಕೆಟಿನ ನಾಲ್ಕನೆಯ ಹಂತದಲ್ಲೂ ಆ್ಯಮ್‌ಸ್ಯಾಟ್ ಇಂಡಿಯಾದ ಇಂಥ ಡಿಜಿಪೀಟರ್ ಇತ್ತು. ಅದಕ್ಕೂ ಮೊದಲು, 2005ರ ಮೇ 5ರಂದು, ಬೆಂಗಳೂರಿನಲ್ಲಿ ರೂಪುಗೊಂಡ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಕಕ್ಷೆ ಸೇರಿ 2014ರ ತನಕ ಜಗತ್ತಿನ ಹವ್ಯಾಸಿಗಳ ದನಿ ಹೊತ್ತಿತ್ತು.

ಗುಡ್ಡದ ಮೇಲೆ ಈ ಹಳೆಯ ಪೆಟ್ಟಿಗೆಯನ್ನೇ ಇಡೋಣವೆ ಎಂದು ಹುಡುಗಿ ಕೇಳಿದಳು. ಕಾಕಾ ಪೆನ್ಸಿಲ್ ತೆಗೆದರು. ಪೆಟ್ಟಿಗೆಗೆ ಸುಮಾರು 700 ಮಿಲಿಆಂಪಿಯರ್, ಆಲಿಸುವ ರೇಡಿಯೋಕ್ಕೆ 500. ದಿನಕ್ಕೆ 29 ಆಂಪಿಯರ್-ತಾಸು. 100ರ ಸೀಸದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಸೂರ್ಯ ಕಾಣದ ಶ್ರಾವಣದಲ್ಲಿ ಎರಡು ದಿನವೂ ಬಾರದು.

“ಹಂಗಾದ್ರ ಸಣ್ಣ ಹೊಸಾದು ಇಡೂದ ಪಾಡರೀ ಕಾಕಾ. ಅದಕ್ಕ ಹತ್ತಾರು ಮಿಲಿಆಂಪಿಯರ್ ಸಾಕು, ನಾಕ್ ದಿನಾ ಸಮೀಪ ತಡೀತೈತಿ.”

“ಹೌದು. ಇದು ಇಲ್ಲೇ ಇರಲಿ, ಕಲಿಯಾಕ. ಟಿಎಕ್ಸ್‌ಡಿಲೇ, ಪರ್ಸಿಸ್ಟ್ ಹೆಸರು ಹೊಸಾದರಾಗೂ ಅವ ಅದಾವು.”

ಆಕೆ ಹಾಳೆ ತಿರುವಿ ಮುಂದಿನ ಕೆಲಸಗಳನ್ನು ಬರೆದಳು: ಗುಡ್ಡದ ಅನುಮತಿಗೆ ಅರ್ಜಿ, ಮುನವಳ್ಳಿಯಿಂದ ಕೈರೇಡಿಯೋದಲ್ಲಿ ಗುಡ್ಡದ ದನಿ ಎಷ್ಟು ಬರುತ್ತದೆಂದು ನೋಡುವುದು, ಕಣಿವೆಯ ಕೆಳಗೆ ಬರದಿದ್ದರೆ ರಾಮದುರ್ಗಕ್ಕೆ ಎರಡನೆಯ ಡಿಜಿಪೀಟರ್, ಫ್ರ್ಯಾಕ್ ಆಗ ಐದು ಪಟ್ಟು, 25 ಸೆಕೆಂಡು.